ಇಂಗ್ಲಿಷಿನ ಸುತ್ತುದಾರಿ ಯಾಕೆ?

ನಮ್ಮ ತಾರ್ನಾಕಕ್ಕೆ ಸ್ಪ್ಯಾನಿಷ್ ಹೊಸದೇನಲ್ಲ. ಇಲ್ಲಿ 1958ರಲ್ಲಿ ಬರೀ ಇಂಗ್ಲಿಷಿಗಾಗಿ ಹುಟ್ಟಿದ ಸಂಸ್ಥೆ 1972ರಲ್ಲಿ ವಿದೇಶೀ ಭಾಷೆಗಳನ್ನೂ ತನ್ನ ಹೆಸರಿಗೆ ಸೇರಿಸಿಕೊಂಡಿತು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅಲ್ಲಿ ಕಾಲೇಜು ವಯಸ್ಸಿನವರು ಸ್ಪ್ಯಾನಿಷ್ ಕಲಿಯುತ್ತಾರೆ. ಈಗ ಸಣ್ಣ ಮಕ್ಕಳ ಸರದಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿದೇಶೀ ಭಾಷೆಯನ್ನು ಪ್ರೌಢ ಹಂತಕ್ಕೆ ಇಟ್ಟಿದ್ದರೂ ಕೆಲವು ಖಾಸಗಿ ಶಾಲೆಗಳು ಪ್ರಾಥಮಿಕ ತರಗತಿಯಲ್ಲೇ ಶುರು ಮಾಡಿಬಿಟ್ಟಿವೆ. ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ಇನ್ನೊಮ್ಮೆ ಮಾಡೋಣ. ಮಗುವಿನ ಕೈಯಲ್ಲಿ ಹೋಂವರ್ಕ್ ಇದೆ: "ನಿನ್ನ ಬಗ್ಗೆ ಐದು ವಾಕ್ಯ ಬರಿ." ಅದಕ್ಕೆ ನಾವು ಹೇಗೆ ಸಹಾಯ ಮಾಡಬೇಕು ಎಂಬುದಷ್ಟೇ ಇವತ್ತಿನ ಪ್ರಶ್ನೆ.

ನಮ್ಮ ಓಣಿಯಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯ ನಾಲ್ಕಾರು ಮನೆಗಳಿವೆ. 1956ರವರೆಗೆ ಆ ಜಿಲ್ಲೆಗಳೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದುವು. ಈ ಮನೆಗಳ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಸ್ಪ್ಯಾನಿಷ್ ಹೋಂವರ್ಕ್ ಬಂದಾಗ ಅವರು ಮೊದಲು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಆಮೇಲೆ ಒಂದೊಂದೇ ಪದ ಬದಲಾಯಿಸುತ್ತಾರೆ. ಶಾಲೆಯಲ್ಲಿ ಕಲಿಸಿದ ದಾರಿಯೇ ಅದು. ಪರಿಣಾಮವೇನು? "ಯೋ ಗುಸ್ತೊ ಮಾಂಗೋ" ಎಂದು ಬರೆಯುತ್ತಾರೆ. ಟೀಚರು ಕೆಂಪು ಗೆರೆ ಎಳೆಯುತ್ತಾರೆ. ಸರಿಯಾದದ್ದು "ಮೆ ಗುಸ್ತಾನ್ ಲೋಸ್ ಮಾಂಗೋಸ್."

ಅದನ್ನೇ ಕನ್ನಡದಲ್ಲಿ ಕೇಳಿ ನೋಡಿ. ನಮ್ಮ ಕೆಳಗಿನ ಮನೆಯ ಹುಡುಗಿ ಥಟ್ಟನೆ ಹೇಳುತ್ತಾಳೆ: "ನನಗ ಮಾವಿನಹಣ್ಣು ಭಾಳ ಸೇರ್ತಾವ." ಗಮನಿಸಿ! "ನಾನು" ಎಂದು ಶುರುವಾಗಲಿಲ್ಲ, "ನನಗ" ಎಂದು ಶುರುವಾಯಿತು. ಕ್ರಿಯಾಪದ ಹಣ್ಣಿನ ಹಿಂದೆ ಹೋಯಿತು: ಒಂದಾದರೆ ಸೇರ್ತದ, ಹಲವಾದರೆ ಸೇರ್ತಾವ. ಸ್ಪ್ಯಾನಿಷಿನಲ್ಲೂ ಹಾಗೆಯೇ: ಒಂದಾದರೆ ಗುಸ್ತಾ, ಹಲವಾದರೆ ಗುಸ್ತಾನ್. "ನನಗ ತಲಿ ನೋಯ್ತದ" ಎನ್ನುವುದೂ "ಮೆ ದ್ವೇಲೆ ಲಾ ಕಬೇಸ" ಎನ್ನುವುದೂ ಒಂದೇ ಅಚ್ಚಿನವು. ಇಂಗ್ಲಿಷಿನಿಂದ ಬಂದ ಮಗುವಿಗೆ ಇದೊಂದು ದೊಡ್ಡ ವ್ಯಾಕರಣ ಪಾಠ. ಕನ್ನಡದ ಮಗುವಿಗೆ ಮನೆಮಾತು.

ಇನ್ನೂ ಇದೆ. "ತಾರ್ನಾಕದಾಗ ಇರ್ತೀನಿ" ಅಂದರೆ ಸಾಕು, "ನಾನು" ಬೇಕಾಗುವುದಿಲ್ಲ. "ಬೀಬೊ ಎನ್ ತಾರ್ನಾಕ" ಎಂಬಲ್ಲಿಯೂ ಬೇಡ. ಕೊನೆಯ ಸ್ವರವೇ ಯಾರೆಂದು ಹೇಳುತ್ತದೆ. ಅಜ್ಜಿಯ ಮಾತು ಬಂದರೆ ಇರ್ತಾಳ, ಅಲ್ಲಿ ಬೀಬೆ. ಗೆಳೆಯನಿಗೆ "ತೂ", ಮಾಸ್ತರರಿಗೆ "ಉಸ್ತೇದ್": ನಮ್ಮ ನೀನು, ನೀವು. ಇಂಗ್ಲಿಷಿನಲ್ಲಿ ಈ ಭೇದ ಎಲ್ಲಿದೆ? ಐದು ಸ್ವರಗಳು, ಅವುಗಳ ಉಚ್ಚಾರ ಸ್ಥಿರ. ಹಾಗಾಗಿ ಕಾಗುಣಿತದ ಕಿವಿಯಿರುವ ಮಗು ಬರೆದದ್ದನ್ನು ಬಹುಮಟ್ಟಿಗೆ ಸರಿಯಾಗಿಯೇ ಓದುತ್ತದೆ.

ಕನ್ನಡ ಎಲ್ಲದಕ್ಕೂ ಸಾಲುತ್ತದೆ ಎಂದು ನಾನು ಹೇಳುತ್ತಿಲ್ಲ. ಸ್ಪ್ಯಾನಿಷಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ನಮ್ಮಲ್ಲಿ ಎರಡೂ ನಪುಂಸಕ ಲಿಂಗ. ಇಲ್ಲಿ ಬೀದಿಯ ಹಿಂದಿ ಕೈಹಿಡಿಯುತ್ತದೆ. ಛೋಟಾ, ಛೋಟೀ ಎಂದು ಆಡಿ ಬೆಳೆದ ಹೈದರಾಬಾದಿನ ಹುಡುಗನಿಗೆ ಪೆಕೆನ್ಯೊ, ಪೆಕೆನ್ಯಾ ಯಾವ ಲೆಕ್ಕ? ಯಾವ ವಸ್ತು ಯಾವ ಲಿಂಗ ಎಂಬುದನ್ನು ಮಾತ್ರ ಬಾಯಿಪಾಠ ಮಾಡಬೇಕು. ಹಿಂದಿಯಲ್ಲಿ ಪುಸ್ತಕಕ್ಕೆ ಹೇಳುವ ಕಿತಾಬ್ ಹೆಣ್ಣು!

ನಾನು ಮಾಡುವುದಿಷ್ಟೆ. ಮೊದಲು ಪೆನ್ಸಿಲ್ ಕೆಳಗಿಡಿಸಿ ಕನ್ನಡದಲ್ಲಿ ಮಾತಾಡಿಸುತ್ತೇನೆ. ಯಾರ ಬಗ್ಗೆ ಬರೀತೀ? ಅಜ್ಜಿ ಬಗ್ಗೆ. ಎಲ್ಲಿರ್ತಾಳ? ಏನು ಮಾಡ್ತಾಳ? ಆ ಮಾತಿನಿಂದ ನಾಲ್ಕು ವಾಕ್ಯ ಆರಿಸುತ್ತೇವೆ. ಗೊತ್ತಿಲ್ಲದ ಪದಗಳನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ, ಇಡೀ ವಾಕ್ಯ ಕೊಡುವುದಿಲ್ಲ. ಬರೆದಾದ ಮೇಲೆ ಗಟ್ಟಿಯಾಗಿ ಓದಿಸುತ್ತೇನೆ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದುವುದು; ಇವತ್ತು ಕ್ರಿಯಾಪದದ ಕೊನೆ, ನಾಳೆ ಲಿಂಗ. ಹಾಳೆ ತುಂಬ ಕೆಂಪು ಕಂಡ ಮಗು ಮುಂದಿನ ವಾರ ಗೈಡಿನಿಂದ ನಕಲು ಮಾಡುತ್ತದೆ. ಆ ನಕಲಿನಲ್ಲಿ ಅಜ್ಜಿ ಎಲ್ಲಿರುತ್ತಾಳೆ ಹೇಳಿ?

ಒಬ್ಬ ತಾಯಿ ಕೇಳಿದರು: "ಸಾಲ್ಯಾಗ ಇಂಗ್ಲಿಷಿನ್ಯಾಗ ಹೇಳ್ತಾರ, ನೀವು ಕನ್ನಡದಾಗ ಹೇಳಿದ್ರ ಹುಡುಗಿಗೆ ಗೊಂದಲಾಗೂದಿಲ್ಲೇನ್ರೀ?" ಈ ಭಯ ಸುಳ್ಳೆಂದು ನಾನು ತಳ್ಳಿಹಾಕಲಾರೆ, ಶುಲ್ಕ ಕಟ್ಟುವವರು ಅವರು. ಆದರೆ ಗೊಂದಲ ಈಗಾಗಲೇ ಇದೆ: ಮೂರನೆಯ ಭಾಷೆಯೊಂದನ್ನು, ಇನ್ನೂ ಅರೆಬರೆ ಇರುವ ಎರಡನೆಯದರ ಮೂಲಕ ಕಲಿಸುತ್ತಿದ್ದೇವೆ. ಗಟ್ಟಿಯಿರುವ ಮೊದಲನೆಯದನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಅದೇ ಶಿಕ್ಷಣ ನೀತಿ, ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಟೀಚರಿಗೆ ಕನ್ನಡ ಬಾರದಿರಬಹುದು. ಅಪ್ಪ ಅಮ್ಮನಿಗೆ ಬರುತ್ತದಲ್ಲ?

ಇನ್ನೊಂದು ಮಾತು ನಮ್ಮ ಬಳಗದವರಿಗೆ. ಅಜ್ಜಿಯ ಬಗ್ಗೆ ಮಗು ಸ್ಪ್ಯಾನಿಷಿನಲ್ಲಿ ಬರೆದ ನಾಲ್ಕು ಸಾಲನ್ನು ಕಲಬುರಗಿಯ ಅಜ್ಜಿ ಓದಲಾರಳು. ಸುಮಾರು 20 ದೇಶಗಳ ಜನ ಓದಬಲ್ಲರು, ಅವಳೊಬ್ಬಳು ಓದಲಾರಳು. ಆದ್ದರಿಂದ ಹಾಳೆಯನ್ನು ನಡುವೆ ಮಡಚಿ, ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಕನ್ನಡ ಬರೆಸಿ. ಹೇಗೂ ಕನ್ನಡದ ವಾಕ್ಯ ಬಾಯಲ್ಲಿ ಸಿದ್ಧವಾಗಿದೆ, ಬೇಕಾದದ್ದು ಅಕ್ಷರ ಮಾತ್ರ. ಕನ್ನಡ ಉಳಿಯಲಿ ಎಂದು ಭಾಷಣ ಮಾಡುವ ನಾವು ಭಾನುವಾರ ಒಂದು ಗಂಟೆ ಒಂದು ಮಗುವಿನ ಪಕ್ಕ ಕೂತು ಆ ಬಲಗಡೆಯ ನಾಲ್ಕು ಸಾಲು ಬರೆಸಲಾರೆವೇ? ಬರೆಸಿದ ಮೇಲೆ ಅಂಚೆಗೆ ಹಾಕುವುದನ್ನು ಮರೆಯಬೇಡಿ.