ಶುಗರ್ ಗುಳಿಗಿ ಕೊಡೋ ಕಡೇನ ಮನಸಿಗೂ ಔಷಧ ಸಿಗ್ಲಿ

"ಶುಗರ್ ಗುಳಿಗಿ ತರ್ಲಿಕ್ಕೆ ಹೊಂಟೇನಿ" ಅಂದ್ರ ಮನ್ಯಾಗ ಯಾರೂ ಏನೂ ಕೇಳಂಗಿಲ್ಲ. ಅತ್ತಿಯವರು "ನಂದೂ ಬಿಪಿ ಗುಳಿಗಿ ತೊಗೊಂಡ ಬಾ" ಅಂತಾರ, ಅಷ್ಟ. ಅದ "ಮನಸ್ಸು ಸರಿ ಇಲ್ಲ, ಡಾಕ್ಟರಿಗೆ ತೋರಿಸ್ಕೊಂಡ ಬರ್ತೇನಿ" ಅಂದ್ ನೋಡ್ರಿ! ಧಾರವಾಡಕ್ಕ ಕಳಸ್ಬೇಕೇನು ಅಂತ ಚಾಷ್ಟಿ ಶುರು. ಅಲ್ಲಿ ಮಾನಸಿಕ ದವಾಖಾನಿ ಅದ ಅಂತ ಒಂದ ಊರಿನ ಹೆಸರನ್ನ ಬೈಗುಳ ಮಾಡಿಟ್ಟೇವಿ. (ಧಾರವಾಡದವರು ಬ್ಯಾಸರ ಮಾಡ್ಕೋಬ್ಯಾಡ್ರಿ, ಪೇಢಾ ತಿನ್ನೂ ಮುಂದ ನಿಮ್ಮನ್ನ ಛಲೋತಂಗನ ನೆನಸ್ತೇವಿ.)

ಅದಕ್ಕ ನಾ ಹೇಳೂದು, ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಶುಗರ್, ಬಿಪಿ ನೋಡೋ ಖೋಲ್ಯಾಗನ ಮನಸಿಂದೂ ನೋಡ್ಬೇಕು. ಬ್ಯಾರೆ ಬೋರ್ಡ್ ಬ್ಯಾಡ, ಬ್ಯಾರೆ ಪಾಳಿ ಬ್ಯಾಡ. ಇದೇನ್ ಹೊಸಾ ವಿಚಾರಲ್ಲ. 1980ರ ದಶಕದಾಗ ಬಳ್ಳಾರಿ ಜಿಲ್ಲಾದಾಗ ನಿಮ್ಹಾನ್ಸ್‌ನವರು ಹಳ್ಳಿ ದವಾಖಾನಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ಇದನ್ನ ಮಾಡಿ ತೋರ್ಸ್ಯಾರ. ಅದನ್ನ ನೋಡೇ 1996ರಾಗ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ತಂದ್ರು.

ನಮ್ಮ ಓಣ್ಯಾಗ ಒಬ್ಬ ಮೌಶಿ ಇದ್ದಾರ. ಮಗಳ ಮದುವಿ ಆಗಿ ಹ್ವಾದ ಮ್ಯಾಲೆ ಊಟ ಸೇರವಲ್ದು, ನಿದ್ದಿ ಬರವಲ್ದು, ಗುಳಿಗಿ ತೊಗೊಳ್ಳೂದೂ ಬಿಟ್ಟಿದ್ರು. ಶುಗರ್ ಏರಿತು. ಡಾಕ್ಟರು ಇನ್ನೊಂದ ಗುಳಿಗಿ ಜಾಸ್ತಿ ಬರ್ದು ಕೊಟ್ರು. ಇದ್ದದ್ದನ್ನ ತೊಗೊಳ್ಳಾರದವರಿಗೆ ಜಾಸ್ತಿ ಕೊಟ್ಟು ಏನ್ ಉಪಯೋಗರಿ? ಯಾಕ ಬಿಟ್ಟೀರಿ ಅಂತ ಒಬ್ಬರರೆ ಕೇಳ್ಬೇಕಿತ್ತು.

ಆಶಾ ಅಕ್ಕಾರು 30 ದಾಟಿದವರದು ತುಂಬ್ಕೊಳ್ಳೋ ಫಾರ್ಮಿನ್ಯಾಗ ಎರಡ ಪ್ರಶ್ನಿ ಅದಾವ. ಹೋದ ಎರಡ ವಾರದಾಗ ಯಾವ ಕೆಲಸದಾಗೂ ಆಸಕ್ತಿ ಇಲ್ದಂಗ ಆಗಿತ್ತೇನು, ಮನಸ್ಸು ಕುಗ್ಗಿತ್ತೇನು ಅಂತ. ಪ್ರಶ್ನಿ ಛಲೋ ಅದಾವ. ಆದ್ರ ಪಡಸಾಲ್ಯಾಗ ಅತ್ತಿ, ಗಂಡ, ಬಾಜೂ ಮನಿಯವರು ಕೂತಾಗ ಕೇಳಿದ್ರ ಯಾವ ಸೊಸಿ "ಹೌದು" ಅಂದಾಳು? ನಾನಂತೂ "ಏನಿಲ್ಲವಾ, ಆರಾಮಿದ್ದೇನಿ" ಅಂತೇನಿ. ಅದನ್ನ ದವಾಖಾನ್ಯಾಗ, ಬಿಪಿ ಪಟ್ಟಿ ಕಟ್ಟೂ ಮುಂದ, ಬಾಗ್ಲಾ ಹಾಕ್ಕೊಂಡು ನರ್ಸಬಾಯಿ ಕೇಳ್ಬೇಕು.

ಕೇಳಿ ಬರ್ಕೊಂಡ್ರ ಸಾಲಂಗಿಲ್ಲ, ಗುಳಿಗಿ ಅಲ್ಲೇ ಇರ್ಬೇಕು. ಮನಸು ಕುಗ್ಗಿದ್ದಕ್ಕ ಕೊಡೋ ಗುಳಿಗಿ ಗುಣಾ ಕಾಣ್ಲಿಕ್ಕೆ ಎರಡರಿಂದ ನಾಕ ವಾರ ಬೇಕು. ನಮ್ಮ ಹೆಣ್ಮಕ್ಕಳು ಎಂಟ ದಿನಕ್ಕ "ಏನೂ ಆಗ್ಲಿಲ್ಲ" ಅಂತ ಡಬ್ಬಿ ಹಿಂದ ಸರಿಸಿ ಬಿಡ್ತಾರ. ಅದಕ್ಕಂತ ಬಸ್ ಹತ್ತಿ ಜಿಲ್ಲಾ ದವಾಖಾನಿಗೆ ಮತ್ತ ಹೋಗೂದು ಯಾರಿಂದ ಆಗ್ತದ? ತಿಂಗಳಾ ಶುಗರ್ ಗುಳಿಗಿಗೆ ಹೆಂಗೂ ಹೋಗ್ತೇವಲ್ಲ, ಅಲ್ಲೇ "ಹೆಂಗದೀರಿ, ತೊಗೋಳಿಕ್ಕತ್ತೀರಿಲ್ಲೋ" ಅಂತ ಕೇಳಿದ್ರ ನಡು ಬಿಡೂದು ಎಷ್ಟೋ ಕಡಿಮಿ ಆಗ್ತದ.

ಅಲ್ಲೀತನಕ ಟೆಲಿ ಮನಸ್ ನಂಬರ್ 14416 ಬರ್ಕೊಂಡ ಇಟ್ಕೋರಿ, ಫುಕಟ್ ಅದ, ಕನ್ನಡದಾಗ ಮಾತಾಡ್ತಾರ, ಹಗಲು ರಾತ್ರಿ ಯಾವಾಗರೆ ಮಾಡ್ಬಹುದು. ಮತ್ತ ಮುಂದಿನ ಸಲ ಆಶಾ ಅಕ್ಕ ಫಾರ್ಮ್ ಹಿಡ್ಕೊಂಡ ಬಂದ್ರ, ಚಹಾದ ನೆವಾ ಮಾಡಿ ಅಡಗಿಮನಿಗೆ ಕರೀರಿ. ಆ ಎರಡ ಪ್ರಶ್ನಿ ಅಲ್ಲೇ ಆಗ್ಲಿ.