ಖಿನ್ನತೆಗೆ ಬೀಗ ಹಾಕಿದ ಕೋಣೆ ಮದ್ದಲ್ಲ

ರಾಜಾಜಿನಗರದಿಂದ ಕೆಂಗೇರಿವರೆಗೆ ಎಷ್ಟೋ ಮನೆಗಳಲ್ಲಿ ಖಿನ್ನತೆಗೆ ಇಂದಿಗೂ ಸೋಮಾರಿತನವೆಂದೇ ಹೆಸರು. ಮಗ ಎರಡು ತುತ್ತಿಗೇ ತಟ್ಟೆ ಬಿಟ್ಟೇಳುತ್ತಾನೆ, ನಸುಕಿನ ಮೂರಕ್ಕೇ ಎಚ್ಚರಾಗಿ ಸೂರು ನೋಡುತ್ತಾ ಮಲಗಿರುತ್ತಾನೆ. ತಿಂಗಳುಗಟ್ಟಲೆ ಬುದ್ಧಿವಾದ ನಡೆದು, ಕೈಮೀರಿದ ಮೇಲೆ ಮನೆಯವರು ಒಮ್ಮೆಲೇ ವಸತಿ ಚಿಕಿತ್ಸಾ ಕೇಂದ್ರ ಹುಡುಕುತ್ತಾರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿದ್ದ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮಗೆ ಮೊದಲು ಬೇಕಿರುವುದು ಹಾಸಿಗೆಯಲ್ಲ, ವೈದ್ಯರ ಮೊದಲ ಭೇಟಿ. ಮಾತ್ರೆ, ಆಪ್ತಸಮಾಲೋಚನೆಗಳಿಂದ ಬಹುಪಾಲು ಜನ ಮನೆಯಲ್ಲಿದ್ದುಕೊಂಡೇ ಚೇತರಿಸಿಕೊಳ್ಳಬಲ್ಲರು.

ಹಾಗಾದರೆ ಒಳರೋಗಿ ಚಿಕಿತ್ಸೆ ಬೇಡವೇ? ಖಂಡಿತ ಬೇಕು. ಸಾಯುವ ಯೋಚನೆ ಬಲಿತಾಗ, ಅನ್ನ ನೀರು ಬಿಟ್ಟಾಗ ಆಸ್ಪತ್ರೆಯೇ ಜೀವ ಉಳಿಸುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಹಗಲು ನೋಡಿಕೊಳ್ಳುವವರಿಲ್ಲ ಎಂಬ ಮಾತೂ ನಿಜ. ಆದರೆ ಆ ಕಷ್ಟವನ್ನೇ ನೆಪ ಮಾಡಿಕೊಂಡು ಯಾವುದೋ ಗೇಟಿನೊಳಗೆ ಬಿಟ್ಟುಬರುವುದು ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಇಂಥ ಚಿಕಿತ್ಸಾ ಕೇಂದ್ರ ನೋಂದಣಿಯಾಗಿರಲೇಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ನೋಡುತ್ತಾರೆ, ಮನೆಯವರು ಯಾವಾಗ ಬರಬಹುದು, ಬಿಡುಗಡೆಯಾದ ಮೇಲೆ ಮಾತ್ರೆ ಯಾರ ಉಸ್ತುವಾರಿಯಲ್ಲಿ ಎಂದು ಕೇಳಿ. ಉತ್ತರ ತಡವರಿಸಿದರೆ ವಾಪಸು ಬನ್ನಿ. ದಿಕ್ಕು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಮಧ್ಯರಾತ್ರಿಯಲ್ಲೂ ಕನ್ನಡದಲ್ಲೇ ಸಿಗುತ್ತದೆ.