ಮುಖ ತೋರಿಸಿ ಬಂದವನ ಮಾತು

‘ಅರ್ಜಿ ಹಾಕಿ ಮನೇಲಿ ಕೂತ್ರೆ ಆಗ್ತದೇನೋ? ಸ್ಕೂಲಿಗೆ ಹೋಗಿ ಒಂದ್ಸಲ ಮುಖ ತೋರಿಸ್ಕಂಡು ಬಾ’ ಅಂದರು ನಮ್ಮ ಬೀದಿಯ ಹಿರಿಯರು. ತೋರಿಸಿದೆ. ಐದು ಸಲ ತೋರಿಸಿದೆ. ಮಗಳ ಒಂದನೇ ಕ್ಲಾಸಿನ ಅರ್ಜಿ ಪೆಂಡಿಂಗ್ ಇದ್ದ ಒಂದೂವರೆ ತಿಂಗಳು, ಬೆಂಗಳೂರಿನ ಒಂದು ಖಾಸಗಿ ಶಾಲೆಯ ಗೇಟಿನಲ್ಲಿ ನನ್ನ ಮುಖವನ್ನೇ ಒತ್ತೆ ಇಟ್ಟಿದ್ದೆ.

ಗೇಟಿನಲ್ಲಿ ರಿಜಿಸ್ಟರ್. ಹೆಸರು, ಫೋನ್ ನಂಬರ್, ಬಂದ ಕಾರಣ. ಬರೆದೆ. ವಾಚ್‌ಮನ್ ನಮ್ಮನ್ನು ಹೊಂಗೆಮರದ ಕೆಳಗಿನ ಸಿಮೆಂಟ್ ಬೆಂಚಿನ ಮೇಲೆ ಕೂರಿಸಿದ. ಹಿಂದೆಯೇ ಒಂದು ಕಾರು ಬಂತು. ಗೇಟಿನ ಎರಡೂ ಬಾಗಿಲು ತೆರೆದವು. ಅವರಿಗೆ ಲ್ಯಾಬು, ಲೈಬ್ರರಿ, ಈಜುಕೊಳ ತೋರಿಸುತ್ತ ಮೇಡಂ ಒಬ್ಬರು ನಗುನಗುತ್ತ ನಡೆದರು. ನಾವು ಎರಡು ಗಂಟೆ ಬೆಂಚು ಕಾದೆವು.

ಒಳಗೆ ಕರೆದವರು ಕೇಳಿದ ಮೊದಲ ಪ್ರಶ್ನೆ: ‘ನೀವು ಯಾರ ಕಡೆಯವರು?’

ಯಾವ ಎಮ್ಮೆಲ್ಲೆಯ ಕಡೆಯವನೂ ಅಲ್ಲ, ಯಾವ ಸ್ವಾಮಿಯ ಕಡೆಯವನೂ ಅಲ್ಲ, ಮಗುವಿನ ಅಪ್ಪ ಎಂದು ಕೂಗಬೇಕೆನಿಸಿತು. ನಾಲಿಗೆ ಏಳಲಿಲ್ಲ. ಆ ಹೇಡಿತನ ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಿನಂತೆ ನಿಂತಿದೆ. ‘ನೀವೆಷ್ಟು ಓದಿದೀರಮ್ಮ?’ ಹೆಂಡತಿ ‘ಏಳ್ನೇ ಕ್ಲಾಸು’ ಅಂದಳು. ಫಾರಂ ಮೇಲೆ ಪೆನ್ನು ಏನೋ ಗೀಚಿತು. ಅವಳು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು. ಆಮೇಲೆ ಮಗುವಿನ ಸರದಿ. ಎಲೆಯ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಬಣ್ಣ ಕೇಳಿದರು. ಮಗಳು ‘ಹಸ್ರು’ ಅಂದಳು. ಎಲೆ ಹಸಿರಾಗಿಯೇ ಇತ್ತು.

ಅಲ್ಲಿಗೆ ನಮ್ಮ ಭೇಟಿ ಮುಗಿಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ತೆಗೆದು ಓದಿ. ಮಗುವನ್ನಾಗಲಿ, ಹೆತ್ತವರನ್ನಾಗಲಿ ಹೀಗೆ ಜರಡಿ ಹಿಡಿಯುವಂತಿಲ್ಲ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ತಪ್ಪಿಗೆ 50,000ದವರೆಗೆ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಕಾದರೆ ಚೀಟಿ ಎತ್ತುವಂಥ ದಾರಿಯೊಂದೇ ಉಳಿದಿರುವುದು. ಚೀಟಿಗೆ ಕಣ್ಣಿಲ್ಲ. ಅದು ನನ್ನ ಸವೆದ ಚಪ್ಪಲಿ ನೋಡದು, ಆ ಕಾರನ್ನೂ ನೋಡದು. ಹಾಗಿದ್ದಮೇಲೆ ಶಾಲೆಗೆ ಎಡತಾಕಿದ್ದರಿಂದ ಯಾರದೋ ಅರ್ಜಿ ಮುಂದೆ ಸರಿಯಿತು ಅಂದರೆ, ಅಲ್ಲಿ ಕಾನೂನು ಮುರಿದುಬಿತ್ತು ಅಂತಲೇ ಲೆಕ್ಕ. ಶಾಲೆಯ ನೀರು, ಶೌಚಾಲಯ, ಹಿಂದಿನ ಬೆಂಚಿನ ಮಕ್ಕಳ ಮುಖ ನೋಡಲು ಹೋಗುತ್ತೀರಾ? ಧಾರಾಳವಾಗಿ ಹೋಗಿ. ಸೀಟಿಗಾಗಿ ಕೈಮುಗಿಯಲು ಹೋಗಬೇಡಿ.

ಈ ಗೇಟು ಹೊಸದಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಎಂಬ ದಲಿತ ಜಾತಿಯ ಹುಡುಗನೊಬ್ಬನ ಅರ್ಜಿ ಹೋಯಿತು. ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡೇ ಬೊಂಬಾಯಿ ಸರ್ಕಾರ ಬಾಗಿಲು ಹಾಕಿತು. ಅವನೊಬ್ಬನಿಗಾಗಿ ಮೇಲ್ಜಾತಿಯವರ ಮನಸ್ಸು ನೋಯಿಸಲು ಅದು ತಯಾರಿರಲಿಲ್ಲ. ಸ್ವತಂತ್ರ ದೇಶದ ಇದೇ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ಶೇಕಡಾ 25 ಸೀಟು ಇಟ್ಟಿತು. 2019ರಲ್ಲಿ ನಮ್ಮದೇ ಕರ್ನಾಟಕ ಸರ್ಕಾರ ನಿಯಮ ತಿದ್ದಿತು: ನೆರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಸೀಟಿಗೆ ಅರ್ಜಿ ಹಾಕುವ ಕಿಂಡಿಯೇ ಬಹುಮಟ್ಟಿಗೆ ಮುಚ್ಚಿಹೋಯಿತು.

ಐದನೇ ಸಲ ಗೇಟು ದಾಟಿ ಬರುವಾಗ ಮಗಳು ನನ್ನ ಕಿರುಬೆರಳು ಜಗ್ಗಿ ಕೇಳಿದಳು: ‘ಅಪ್ಪಾ, ಹಸ್ರು ಅಂದಿದ್ದು ತಪ್ಪಾ?’

ಆರು ವರ್ಷದ ಕೂಸಿಗೆ ತನ್ನ ಮಾತಿನ ಮೇಲೆಯೇ ಅನುಮಾನ ಹುಟ್ಟಿಸಿ ಕಳಿಸಿದಿರಲ್ಲ, ಅದಕ್ಕೆ ಯಾವ ಸೆಕ್ಷನ್ನಿನಲ್ಲಿ ದಂಡ ಕಟ್ಟುತ್ತೀರಿ? ಎಷ್ಟು ಅರ್ಜಿ ಬಂದವು, ಚೀಟಿ ಎಂದು ಎತ್ತಿದಿರಿ, ಯಾರಿಗೆ ಸೀಟು ಬಂತು, ಎಲ್ಲ ಬರೆದು ಗೇಟಿನ ಹೊರಗೆ, ಆ ಹೊಂಗೆಮರದ ಬುಡದಲ್ಲಿ ತೂಗುಹಾಕಿ.

ನಾವು ತೋರಿಸಿದ್ದು ಸಾಕು. ಈಗ ನಿಮ್ಮ ಮುಖ ತೋರಿಸಿ.